ದಾಳಿಂಬೆ ರಸದಿಂದ ರಾತ್ರಿಯ ಬೆವರು ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 49 ವರ್ಷ. ಎಂಟು ತಿಂಗಳಿಂದ ಮುಟ್ಟಾಗಿಲ್ಲ. ರಾತ್ರಿ ಮೈ ಬಿಸಿಯಾಗಿ ಬೆವರಿಳಿಯುತ್ತದೆ, ಮಲಬದ್ಧತೆಯೂ ಇದೆ. ದಿನಾ ದಾಳಿಂಬೆ ರಸ ಕುಡಿದರೆ ಹಾರ್ಮೋನು ಸರಿಹೋಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಾರೆ. ನಿಜವೇ? ಬಿಪಿಗೂ ಕೊಲೆಸ್ಟ್ರಾಲ್‌ಗೂ ಮಾತ್ರೆ ನಡೆದಿದೆ.

ಉತ್ತರ: ದಾಳಿಂಬೆ ರಸದಿಂದ ಬೆವರು ನಿಲ್ಲುತ್ತದೆಂದು ನಂಬಿ ಕೂರಬೇಡಿ. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ಇಳಿದಾಗ, ಮೈಯ ಬಿಸಿ ನೋಡಿಕೊಳ್ಳುವ ಮಿದುಳಿನ ಭಾಗ ಚೂರು ಸೆಕೆಗೂ ಬೆವರು ಸುರಿಸತೊಡಗುತ್ತದೆ. ದಾಳಿಂಬೆ ಬೀಜದಲ್ಲಿ ಈಸ್ಟ್ರೋಜೆನ್ ಹೋಲುವ ಅಂಶ ಇರುವುದರಿಂದಲೇ ಈ ಮಾತು ಹಬ್ಬಿದೆ. ಆಸ್ಟ್ರಿಯಾದಲ್ಲಿ ಆ ಬೀಜದ ಎಣ್ಣೆಯನ್ನು 12 ವಾರ ಕೊಟ್ಟು ನೋಡಿದರು. ಹಾಟ್ ಫ್ಲಶ್ (ಹೀಗೆ ಮೈ ಬಿಸಿಯಾಗಿ ಬೆವರುವುದು) ತಗ್ಗಿಸುವುದರಲ್ಲಿ ಅದು ಔಷಧವಿಲ್ಲದ ಹುಸಿ ಮಾತ್ರೆಯನ್ನು ಮೀರಿಸಲಿಲ್ಲ. ಮೇಲಾಗಿ ಒಂದು ಲೋಟ ರಸವೆಂದರೆ ಸುಮಾರು 25 ಗ್ರಾಂ ಸಕ್ಕರೆ, ನಾರು ಮಾತ್ರ ಸೋಸಿದ ಚರಟದಲ್ಲೇ ಉಳಿಯುತ್ತದೆ. ಅರ್ಧ ಹಣ್ಣು ಬಿಡಿಸಿ, ಕಾಳನ್ನು ಬೀಜಸಮೇತ ಅಗಿದು ತಿನ್ನಿ.

ನಿಮಗೆ ನಿಜಕ್ಕೂ ಕೆಲಸಕ್ಕೆ ಬರುವ ಹಣ್ಣು ಪ್ರೂನ್ಸ್, ಅಂದರೆ ಒಣಗಿಸಿದ ಆಲೂಬುಖಾರ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮುಟ್ಟು ನಿಂತ ಮಹಿಳೆಯರು ವರ್ಷವಿಡೀ ದಿನಕ್ಕೆ 50 ಗ್ರಾಂ (ಐದಾರು ಹಣ್ಣು) ತಿಂದಾಗ ಸೊಂಟದ ಮೂಳೆಯ ಸಾಂದ್ರತೆ ಉಳಿದುಕೊಂಡಿತು, ತಿನ್ನದವರಲ್ಲಿ ಇಳಿಯಿತು. ಮಲಬದ್ಧತೆಗೂ ಇದೇ ಮದ್ದು. ಆದರೆ ಮೊದಲ ದಿನವೇ ಆರು ತಿಂದರೆ ಹೊಟ್ಟೆಯುಬ್ಬರ, ಭೇದಿ ಆಗಬಹುದು, ಏಕೆಂದರೆ ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿ ಅಂಶ ಕರುಳಿಗೆ ನೀರೆಳೆಯುತ್ತದೆ. ಮೊದಲ ವಾರ ಎರಡೇ ಹಣ್ಣನ್ನು ರಾತ್ರಿ ಅರ್ಧ ಲೋಟ ನೀರಿನಲ್ಲಿ ನೆನೆಹಾಕಿ. ಬೆಳಗ್ಗೆ ತೊಗಲು ಉಬ್ಬಿ ಬೆರಳಿಗೆ ಮೆತ್ತಗಾಗಿರುತ್ತದೆ. ಅಗಿದು ತಿಂದು ಆ ನೀರನ್ನೂ ಕುಡಿಯಿರಿ. ಆಮೇಲೆ ಮೂರು ನಾಲ್ಕು ದಿನಕ್ಕೊಂದರಂತೆ ಹೆಚ್ಚಿಸಿ. ಸಕ್ಕರೆ ಸೇರಿಸದ ಪೊಟ್ಟಣವನ್ನೇ ಕೊಳ್ಳಿ. ಮಧುಮೇಹವಾಗಲಿ ಕಿಡ್ನಿ ತೊಂದರೆಯಾಗಲಿ ಇದ್ದರೆ ವೈದ್ಯರನ್ನು ಕೇಳದೆ ಶುರುಮಾಡಬೇಡಿ.

ಆದರೂ ಮೂಳೆಗೆ ಬೇಕಾದ ಕ್ಯಾಲ್ಸಿಯಂ ಹಣ್ಣಿನಿಂದ ತುಂಬುವುದಿಲ್ಲ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 350 ಮಿ.ಗ್ರಾಂ ಇರುತ್ತದೆ. ಜೊತೆಗೆ ಹಾಲು, ಮೊಸರು ಬೇಕೇ ಬೇಕು. ನೆಲ್ಲಿಕಾಯಿಯ ಗುಣ ಬೇರೆ: ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಲು ಅದರ ಸಿ ಜೀವಸತ್ವ ನೆರವಾಗುತ್ತದೆ. ಪಲ್ಯ ಒಲೆಯಿಂದ ಇಳಿಸಿದ ಮೇಲೆ ಒಂದು ಕಾಯಿ ತುರಿದು ಬೆರೆಸಿ. ಕುದಿಸಿದರೆ ಸಿ ಜೀವಸತ್ವ ಹಾಳಾಗುತ್ತದೆ. ಊಟವಾದ ಕೂಡಲೇ ಕಾಫಿ ಬೇಡ.

ಚಕ್ಕೋತ ಇಷ್ಟವಿದ್ದರೆ ಎಚ್ಚರ. ದೇವನಹಳ್ಳಿಯದೇ ಇರಲಿ, ಬೇರೆಡೆಯದೇ ಇರಲಿ, ಅದು ಅಟೊರ್ವಾಸ್ಟ್ಯಾಟಿನ್‌ನಂಥ ಕೊಲೆಸ್ಟ್ರಾಲ್ ಮಾತ್ರೆ ಮತ್ತು ಕೆಲವು ಬಿಪಿ ಮಾತ್ರೆಗಳ ಅಂಶ ರಕ್ತದಲ್ಲಿ ಏರುವಂತೆ ಮಾಡಬಹುದು. ಮಾತ್ರೆಯ ಚೀಟಿ ತೋರಿಸಿ ವೈದ್ಯರನ್ನು ಕೇಳಿಯೇ ತಿನ್ನಿ.

ಬೆವರಿನಿಂದ ನಿದ್ದೆ ಕೆಡುತ್ತಿದ್ದರೆ ಸಹಿಸಿಕೊಂಡಿರಬೇಡಿ, ಸ್ತ್ರೀರೋಗ ತಜ್ಞರನ್ನು ಕಾಣಿ. ಹಾರ್ಮೋನು ಚಿಕಿತ್ಸೆಯಿದೆ, ಅದು ಒಗ್ಗದವರಿಗೆ ಬೇರೆ ಮಾತ್ರೆಗಳೂ ಇವೆ. ಮುಟ್ಟಿಲ್ಲದೆ 12 ತಿಂಗಳು ತುಂಬಿದ ಮೇಲೆ ಒಂದು ಹನಿ ರಕ್ತ ಕಂಡರೂ ಮನೆಮದ್ದು ಮಾಡುತ್ತ ಕಾಯಬೇಡಿ. ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ ಹೀಗೆಯೇ ಮೊದಲು ಕಾಣಿಸಿಕೊಳ್ಳುತ್ತದೆ. ಆ ವಾರದಲ್ಲೇ ಸ್ಕ್ಯಾನ್ ಮಾಡಿಸಿ.