ಡಿಟಿಎಸ್ ಜೋರಾಗಿ ಕೇಳಿದ ಮಾತ್ರಕ್ಕೆ ಡಾಲ್ಬಿ ಕಡಿಮೆಯೇ?

ಪ್ರಶ್ನೆ: ನನ್ನಲ್ಲಿರುವ ಒಂದು ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ 5.1, ಡಿಟಿಎಸ್ 5.1 ಎಂಬ, ಆರು ಚಾನೆಲ್‌ಗಳ ಎರಡು ಧ್ವನಿ ಟ್ರ್ಯಾಕ್‌ಗಳಿವೆ. ಚಿತ್ರ ಓಡುತ್ತಿರುವಾಗಲೇ ರಿಮೋಟಿನ ಆಡಿಯೊ ಬಟನ್ ಒತ್ತಿ ಡಿಟಿಎಸ್‌ಗೆ ಹೋದರೆ ಸದ್ದು ತಟ್ಟನೆ ತುಂಬಿಕೊಳ್ಳುತ್ತದೆ. ಬಿಟ್‌ರೇಟ್ (ಒಂದು ಸೆಕೆಂಡಿನ ಸದ್ದಿಗೆ ಬಳಸುವ ದತ್ತಾಂಶ) ಹೆಚ್ಚಿರುವುದರಿಂದಲೇ ಹೀಗೆ?

ಉತ್ತರ: ಮೊದಲು ವಾಲ್ಯೂಮನ್ನು ಅನುಮಾನಿಸಿ. ಡಾಲ್ಬಿ ಡಿಜಿಟಲ್ ಟ್ರ್ಯಾಕಿನೊಳಗೆ ‘ಡಯಲಾಗ್ ನಾರ್ಮಲೈಸೇಶನ್’ ಎಂಬ ಒಂದು ಸಂಖ್ಯೆ ಅಡಗಿರುತ್ತದೆ. ಮಾತಿನ ಮಟ್ಟ ಎಲ್ಲ ಡಿಸ್ಕ್‌ಗಳಲ್ಲೂ ಸರಿಸುಮಾರು ಒಂದೇ ಇರಲಿ ಎಂಬುದು ಅದರ ಉದ್ದೇಶ. ಆ ಸಂಖ್ಯೆ -31 ಇದ್ದರೆ ಡಿಕೋಡರ್ (ಟ್ರ್ಯಾಕನ್ನು ಬಿಚ್ಚಿ ಸದ್ದಾಗಿಸುವ ಭಾಗ) ಏನನ್ನೂ ಮಾಡುವುದಿಲ್ಲ; ಸಾಮಾನ್ಯವಾಗಿ ಕಾಣುವ -27 ಇದ್ದರೆ ಇಡೀ ಟ್ರ್ಯಾಕನ್ನು 4 ಡೆಸಿಬೆಲ್ ಇಳಿಸುತ್ತದೆ. ಡಿವಿಡಿಯ ಡಿಟಿಎಸ್ ಟ್ರ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಈ ಇಳಿಕೆ ಇರುವುದಿಲ್ಲ. ಡಿಸ್ಕ್ ಶುರುವಾದಾಗ ಕೆಲವು ರಿಸೀವರ್‌ಗಳ (ಸ್ಪೀಕರ್‌ಗಳಿಗೆ ಸದ್ದು ಹಂಚುವ ಆಂಪ್ಲಿಫೈಯರ್‌ಗಳ) ಪರದೆಯಲ್ಲಿ ‘ಡಯಲ್ ನಾರ್ಮ್ +4 ಡಿಬಿ’ ಎಂದು ಎರಡು ಮೂರು ಸೆಕೆಂಡು ಮಿಂಚಿ ಹೋಗುವುದು ಇದೇ. ‘ಸದ್ದನ್ನು 4 ಏರಿಸಿದ್ದೇನೆ’ ಎಂದು ಅದಕ್ಕೆ ಅರ್ಥವಲ್ಲ, ‘ಮೂಲ ಮಟ್ಟ ಬೇಕಿದ್ದರೆ ನೀವು 4 ಏರಿಸಿಕೊಳ್ಳಿ’ ಎಂದು ಅರ್ಥ. ಕಿವಿಗೆ ಜೋರಾದದ್ದೇ ಚೆಂದ ಕೇಳಿಸುತ್ತದೆ. ಬಾಸ್ ಹೆಚ್ಚಿದಂತೆ, ಹಿಂದಿನ ಸ್ಪೀಕರ್‌ಗಳಿಗೆ ಜೀವ ಬಂದಂತೆ ಅನ್ನಿಸಲು 4 ಡೆಸಿಬೆಲ್ ಧಾರಾಳವಾಗಿ ಸಾಕು.

ನ್ಯಾಯವಾಗಿ ಹೋಲಿಸಬೇಕೆಂದರೆ ಹೀಗೆ ಮಾಡಿ. ರಿಸೀವರ್ ಮತ್ತು ಪ್ಲೇಯರ್ ಎರಡರಲ್ಲೂ ಜೋರು-ಮೆಲು ಸದ್ದುಗಳ ಅಂತರ ಕುಗ್ಗಿಸುವ ನೈಟ್ ಮೋಡ್, ಡಿಆರ್‌ಸಿ ಆಫ್ ಇರಲಿ. ಬರೀ ಮಾತುಕತೆಯೇ ಇರುವ ಅರ್ಧ ನಿಮಿಷದ ದೃಶ್ಯವೊಂದನ್ನು ಆರಿಸಿಕೊಳ್ಳಿ. ಕೂರುವ ಜಾಗದಲ್ಲಿ ಸೌಂಡ್ ಲೆವೆಲ್ ಮೀಟರ್ ಇಟ್ಟು, ‘ಸಿ’, ‘ಸ್ಲೋ’ ಆಯ್ಕೆಯಲ್ಲಿ ಎರಡೂ ಟ್ರ್ಯಾಕ್‌ಗಳನ್ನು ಅಳೆಯಿರಿ. ಬೇಕಾಗಿರುವುದು ವ್ಯತ್ಯಾಸ ಮಾತ್ರವಾದ್ದರಿಂದ ಫೋನಿನ ಆ್ಯಪ್ ಆದರೂ ನಡೆಯುತ್ತದೆ. ಎಷ್ಟು ಡೆಸಿಬೆಲ್ ವ್ಯತ್ಯಾಸ ಬಂತೋ ಅಷ್ಟನ್ನು ಪ್ರತಿಸಲ ಟ್ರ್ಯಾಕ್ ಬದಲಿಸಿದಾಗ ವಾಲ್ಯೂಮಿನಲ್ಲಿ ಸರಿದೂಗಿಸಿ. ರಿಸೀವರಿನ ಟೆಸ್ಟ್ ಟೋನ್ ಈ ಕೆಲಸಕ್ಕೆ ಬಾರದು. ಅದು ಹುಟ್ಟುವುದು ರಿಸೀವರಿನೊಳಗೇ, ಡಿಸ್ಕಿನ ಆ ಸಂಖ್ಯೆ ಅದಕ್ಕೆ ತಗಲುವುದೇ ಇಲ್ಲ. ಟ್ರ್ಯಾಕ್ ಬದಲಿಸುವ ಕೆಲಸ ಬೇರೆಯವರಿಗೆ ಕೊಟ್ಟು, ನೀವು ಪರದೆ ನೋಡದೆ ಕೇಳಿ.

ಚಪ್ಪಾಳೆ, ಮಳೆ, ಸಿಂಬಲ್, ಹಿಂದಿನ ಸ್ಪೀಕರಿನಲ್ಲಿ ಕರಗುವ ಪ್ರತಿಧ್ವನಿಯ ಬಾಲ: ಗಮನವಿಟ್ಟು ಕೇಳಬೇಕಾದವು ಇವು. ಬಿಟ್ ಸಾಲದಾದಾಗ ಡಾಲ್ಬಿ ಡಿಜಿಟಲ್ ಹಲವು ಚಾನೆಲ್‌ಗಳ ತೀಕ್ಷ್ಣ ಸ್ವರಗಳನ್ನು ಒಂದಾಗಿ ಬೆರೆಸಿ ಕಳಿಸುತ್ತದೆ. ಆಗ ಮಳೆ ಸುತ್ತಲೂ ಬಿಡಿಬಿಡಿಯಾಗಿ ಬೀಳುವ ಬದಲು ತುಸು ಮಸುಕಾಗಬಹುದು. ಆದರೂ ಒಂದು ಎಚ್ಚರಿಕೆ: ಎರಡೂ ಟ್ರ್ಯಾಕ್ ಒಂದೇ ಮಿಕ್ಸಿಂಗಿನಿಂದ ಬಂದಿರಲೇಬೇಕು ಎಂಬ ನಿಯಮವಿಲ್ಲ. ಮಟ್ಟ ಸರಿದೂಗಿಸಿದ ಮೇಲೂ ವ್ಯತ್ಯಾಸ ದೊಡ್ಡದಾಗಿ ಕೇಳಿದರೆ, ನಾವಾದರೆ ಫಾರ್ಮ್ಯಾಟಿಗಿಂತ ಮೊದಲು ಮಿಕ್ಸಿಂಗನ್ನೇ ಶಂಕಿಸುತ್ತೇವೆ.

ಪ್ರಶ್ನೆ: ಡಾಲ್ಬಿ 448, ಡಿಟಿಎಸ್ 1509 ಕೆಬಿಪಿಎಸ್ (ಸೆಕೆಂಡಿಗೆ ಕಿಲೋಬಿಟ್). ಅಂದರೆ ಮೂರು ಪಟ್ಟು ಉತ್ತಮ ಎಂದೇ?

ಉತ್ತರ: ಅಲ್ಲ. ಆರು ಚಾನೆಲ್‌ಗಳನ್ನು 16 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಏನೂ ಕಳೆಯದೆ ಇಟ್ಟರೆ 4,608 ಕೆಬಿಪಿಎಸ್ ಬೇಕು. ಎರಡೂ ಫಾರ್ಮ್ಯಾಟ್‌ಗಳು ಅದನ್ನು ಕತ್ತರಿಸುತ್ತವೆ, ಕತ್ತರಿಸುವ ರೀತಿ ಬೇರೆ. ಡಾಲ್ಬಿ ಡಿಜಿಟಲ್ ಕಿವಿಗೆ ಮರೆಯಾಗುವ ಸ್ವರಗಳಿಂದ ಬಿಟ್‌ಗಳನ್ನು ಕಸಿದು, ಕೇಳಿಸುವ ಸ್ವರಗಳಿಗೆ ಕೊಡುತ್ತದೆ. ಡಿಟಿಎಸ್ ಶಬ್ದವನ್ನು 32 ಆವರ್ತನ ಪಟ್ಟಿಗಳಾಗಿ ಸೀಳಿ, ಮುಂದೇನು ಬರುತ್ತದೆ ಎಂಬ ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಬರೆದಿಡುತ್ತದೆ. ಈ ವಿಧಾನ ಹೆಚ್ಚು ಬಿಟ್ ಬೇಡುತ್ತದೆ. ಹಾಗಾಗಿ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು ತೂಗುವಂತಿಲ್ಲ.

ಜಾಗದ ಲೆಕ್ಕವೂ ಇದೆ. ಎರಡು ಗಂಟೆಯ ಚಿತ್ರಕ್ಕೆ 448ರ ಡಾಲ್ಬಿ ಸುಮಾರು 400 ಎಂಬಿ, 1509ರ ಡಿಟಿಎಸ್ ಸುಮಾರು 1,360 ಎಂಬಿ ತಿನ್ನುತ್ತದೆ. ಎರಡು ಪದರದ ಡಿವಿಡಿಯಲ್ಲಿ ಒಟ್ಟು ಇರುವುದೇ 8.5 ಜಿಬಿ. ಅದಕ್ಕೇ ಬಹಳಷ್ಟು ಡಿವಿಡಿಗಳಲ್ಲಿ 754 ಕೆಬಿಪಿಎಸ್‌ನ ಡಿಟಿಎಸ್ ಇರುತ್ತದೆ, ಹೊದಿಕೆಯ ಮೇಲಿನ ಲೋಗೊ ಮಾತ್ರ ಅದೇ. ಈ ಅರ್ಧ ದರದ ಟ್ರ್ಯಾಕನ್ನು ಲೋಗೊ ನೋಡಿ ಆರಿಸಬೇಡಿ, ಮೇಲೆ ಹೇಳಿದಂತೆ ಕೇಳಿಯೇ ಆರಿಸಿ.

ಪ್ರಶ್ನೆ: ಡಿಟಿಎಸ್ ಆರಿಸಿದರೆ ಸದ್ದೇ ಇಲ್ಲ. ಇನ್ನೊಂದು ಪ್ಲೇಯರಿನಲ್ಲಿ ‘ಸರ್ರ್’ ಎಂಬ ಗದ್ದಲ ಬರುತ್ತದೆ.

ಉತ್ತರ: ಗದ್ದಲ ಬಂದರೆ ಮೊದಲು ವಾಲ್ಯೂಮ್ ಇಳಿಸಿ, ಟ್ವೀಟರ್ ಸುಟ್ಟೀತು. ಡಿಟಿಎಸ್ ದತ್ತಾಂಶವನ್ನು ರಿಸೀವರ್ ಸಾದಾ ಪಿಸಿಎಂ (ಕುಗ್ಗಿಸದ ಡಿಜಿಟಲ್ ಸದ್ದು) ಎಂದು ಓದುತ್ತಿದೆ. ಸದ್ದೇ ಇಲ್ಲದಿದ್ದರೆ ಪ್ಲೇಯರಿನ ಆಡಿಯೊ ಮೆನುವಿನಲ್ಲಿ ಡಿಟಿಎಸ್ ಆಫ್ ಇರಬಹುದು. ಅದನ್ನು ‘ಬಿಟ್‌ಸ್ಟ್ರೀಮ್’ಗೆ (ಟ್ರ್ಯಾಕನ್ನು ಬಿಚ್ಚದೆ ರಿಸೀವರಿಗೆ ಕಳಿಸುವ ಆಯ್ಕೆಗೆ) ಬದಲಿಸಿ. ಟಿವಿ ಮೂಲಕ ಆಪ್ಟಿಕಲ್ ಕೇಬಲ್ ಹಾಕಿದ್ದರೆ, ಅನೇಕ ಟಿವಿಗಳು ಡಿಟಿಎಸ್ ಅನ್ನು ದಾಟಿಸುವುದಿಲ್ಲ. ಪ್ಲೇಯರನ್ನು ನೇರ ರಿಸೀವರಿಗೆ ಜೋಡಿಸಿ.

ಪ್ರಶ್ನೆ: ಹಳೆಯ ರಿಸೀವರಿನಲ್ಲಿ ಆಪ್ಟಿಕಲ್ ಮಾತ್ರ ಇದೆ. ಬ್ಲೂ-ರೇ ತಂದರೆ ಪ್ರಯೋಜನವೇನು?

ಉತ್ತರ: ಖಂಡಿತ ಇದೆ. ಬ್ಲೂ-ರೇಯಲ್ಲಿರುವ, ಏನೂ ಕಳೆಯದ ಫಾರ್ಮ್ಯಾಟ್‌ಗಳಾದ ಟ್ರೂಎಚ್‌ಡಿ (ಡಾಲ್ಬಿಯದು), ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಆ ಕೇಬಲಿನಲ್ಲಿ ಹಿಡಿಸುವುದಿಲ್ಲ, ನಿಜ. ಆದರೆ ಟ್ರೂಎಚ್‌ಡಿ ಜೊತೆಗೆ ಸಾಮಾನ್ಯವಾಗಿ 640 ಕೆಬಿಪಿಎಸ್‌ನ ಡಾಲ್ಬಿ ಡಿಜಿಟಲ್ ಇರುತ್ತದೆ. ಮಾಸ್ಟರ್ ಆಡಿಯೊದ ಹೊಟ್ಟೆಯೊಳಗೆ ಸಾಮಾನ್ಯವಾಗಿ 1509ರ ಡಿಟಿಎಸ್ ತಿರುಳು ಇರುತ್ತದೆ. ಹೊರಬರುವುದು ಅವೇ. ಡಿವಿಡಿಯಲ್ಲಿ ಡಾಲ್ಬಿಗೆ 448ರ ಮಿತಿ ಇದ್ದುದನ್ನು ನೆನೆದರೆ ಇದು ಒಳ್ಳೆಯ ಬಡ್ತಿ. ಪ್ಲೇಯರಿನಲ್ಲಿ ‘ಸೆಕೆಂಡರಿ ಆಡಿಯೊ’ ಅಥವಾ ‘ಬಿಡಿ ಆಡಿಯೊ ಮಿಕ್ಸ್’ ಆಫ್ ಮಾಡುವುದನ್ನು ಮಾತ್ರ ಮರೆಯಬೇಡಿ. ಅದು ಆನ್ ಇದ್ದರೆ ಪ್ಲೇಯರ್ ಟ್ರ್ಯಾಕನ್ನು ಬಿಚ್ಚಿ, ಮೆನುವಿನ ಟಿಕ್-ಟಿಕ್ ಸದ್ದನ್ನು ಅದಕ್ಕೆ ಬೆರೆಸಿ, ಮತ್ತೆ ಕುಗ್ಗಿಸಿ ಕಳಿಸುತ್ತದೆ.