ಮಗ ಇನ್ನೂರು ರೂಪಾಯಿ ಕದ್ದಾಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಹನ್ನೊಂದು ವರ್ಷದ ಹುಡುಗ ಅಪ್ಪನ ಜೇಬಿನಿಂದ 200 ರೂಪಾಯಿ ತೆಗೆದು ಗೆಳೆಯರಿಗೆ ಗೋಬಿ ಮಂಚೂರಿ ಕೊಡಿಸಿದ್ದ. ಅಪ್ಪ ಬೆಲ್ಟ್ ಬಿಚ್ಚಿದರು. ಅಮ್ಮ ಗಂಡನ ಜೊತೆ ಮಾತು ಬಿಟ್ಟರು. ಯಾರು ಸರಿ ಅಂತ ಕೇಳಲು ಇಬ್ಬರೂ ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದಿದ್ದರು.

ಅಪ್ಪ ವಿಜಯಪುರದ ಕಡೆಯವರು, ಕೂಲಿಕಾರರ ಮಗ. "ಗೌಡ್ರ ಮನ್ಯಾಗ ಏನರ ಕಳದ್ರ ಮೊದಲ ನಮ್ಮ ಮನೀಗೇ ಬರ್ತಿದ್ರು ಮೇಡಂ. ಕಳ್ಳ ಅನಿಸ್ಕೊಳ್ಳೂದು ಏನಂತ ಇಕಿಗೇನ್ ಗೊತ್ತು?" ತೋಟದಲ್ಲಿ ಬಿದ್ದಿದ್ದ ಮಾವಿನಕಾಯಿ ತಂದಿದ್ದಕ್ಕೂ ಅವರಪ್ಪ ಬಾರಕೋಲು ಎತ್ತಿದ್ದರಂತೆ. ಶಾಲೆಯಲ್ಲೂ 'ಛಡಿ ಛಂ ಛಂ, ವಿದ್ಯಾ ಘಂ ಘಂ'. ಹೊಡೆದಿದ್ದು ಸಿಟ್ಟಿಗಿಂತ ಜಾಸ್ತಿ ಭಯದಿಂದ ಅಂತ ನನಗನ್ನಿಸಿತು.

ಅಮ್ಮ ಮೈಸೂರಿನವರು, ತಂದೆ ಬ್ಯಾಂಕ್ ನೌಕರ. "ನಮ್ಮಪ್ಪ ಒಂದು ದಿನಾನೂ ಕೈ ಎತ್ತಿಲ್ಲ." ಹಾಗಾದರೆ ತಪ್ಪು ಮಾಡಿದಾಗ?

"ಅಮ್ಮ ಮಾತಾಡ್ತಿರಲಿಲ್ಲ. ತಟ್ಟೆ ಇಟ್ಟು ಹೋಗೋರು."

ಎಲ್ಲಿಯವರೆಗೆ?

"ನಾನು ಅತ್ತು ಕಾಲು ಹಿಡಿಯೋವರೆಗೆ."

ಹೇಳಿ ಅವರೇ ಸುಮ್ಮನಾದರು. ಹೊಡೆಯದ ಮನೆಯಲ್ಲಿ ಶಿಕ್ಷೆಯೇ ಇರೋದಿಲ್ಲ ಅನ್ನೋದು ಓದಿದವರ ಭ್ರಮೆ. ಅಲ್ಲಿ ಬಾಸುಂಡೆ ಕಾಣೋದಿಲ್ಲ, ಅಷ್ಟೇ.

ಹೊಡೆತದ ವಿಷಯದಲ್ಲಿ ಚೌಕಾಶಿ ಇಲ್ಲ ಅಂತ ಅಪ್ಪನಿಗೆ ನೇರವಾಗಿಯೇ ಹೇಳಿದೆ. ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ನಿಷೇಧಿಸಿದೆ. ಮಗುವಿನ ಹೊಣೆ ಹೊತ್ತವರೇ ಕ್ರೂರವಾಗಿ ನಡೆದುಕೊಂಡರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ 3 ವರ್ಷದವರೆಗೆ ಜೈಲಾಗಬಹುದು. ಆದರೆ ಕದ್ದಿದ್ದನ್ನು ಸುಮ್ನೆ ಬಿಡಿ ಅಂತಲೂ ಹೇಳಲಿಲ್ಲ. ಹುಡುಗ ತನ್ನ ಪಾಕೆಟ್ ಮನಿಯಲ್ಲಿ ವಾರಕ್ಕೆ 20 ರೂಪಾಯಿ ಅಪ್ಪನ ಕೈಗೇ ವಾಪಸ್ ಕೊಡಬೇಕು. ಅಪ್ಪ ಆ ಮಾವಿನಕಾಯಿ ಕಥೆಯನ್ನು ಮಗನಿಗೆ ಹೇಳಬೇಕು. ಮನೆಯ ಗೌರವದ ಭಾಷಣ ಬೇಡ, ಅವತ್ತು ತಮಗೆ ಹೇಗಾಯಿತು ಅನ್ನೋದಷ್ಟೇ ಸಾಕು. ಅಮ್ಮ ಎಷ್ಟೇ ಸಿಟ್ಟಿದ್ದರೂ ರಾತ್ರಿ ಮಲಗೋ ಮೊದಲು ಮಾತಾಡಬೇಕು, ಮಗನ ಜೊತೆಗೂ, ಗಂಡನ ಜೊತೆಗೂ.

ಮುಂದಿನ ಭೇಟಿಗೆ ಬಂದಾಗ ಒಂದು ಕಂತು ತಪ್ಪಿತ್ತು. "ನೋಡ್ರಿ, ಹೊಡದಿದ್ರ ತಪ್ಪತಿರ್ಲಿಲ್ಲ" ಅಂದರು ಅಪ್ಪ. ಬೆಲ್ಟ್ ಮಾತ್ರ ಮುಟ್ಟಿರಲಿಲ್ಲ. ತಪ್ಪಿದ ಕಂತಿಗೆ ಏನು ಮಾಡೋದು ಅಂತ ಹುಡುಗನನ್ನೇ ಕೇಳಿದೆವು. ಮುಂದಿನ ವಾರ 40 ಕೊಡ್ತೀನಿ ಅಂದ.