ಬೆಳಗ್ಗೆ ಮುಷ್ಟಿ ಕಟ್ಟಲು ಆಗುತ್ತಿಲ್ಲ, ಯಾವ ಡಾಕ್ಟರ ಹತ್ತಿರ ಹೋಗಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 43 ವರ್ಷ. ದೀಪಾವಳಿ ಕಳೆದು ಅಡಿಕೆ ಕೊಯ್ಲು ನಡೆಯುತ್ತಿದ್ದಾಗ ಎರಡೂ ಕೈಬೆರಳಿನ ಗಂಟು ನೋಯಲು ಶುರುವಾಯಿತು. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದು ಸುಲಿದು ಹೀಗಾಗಿದೆ ಅಂದುಕೊಂಡೆ. ಸುಲಿಯುವ ಕೆಲಸ ಮುಗಿದು ತಿಂಗಳುಗಳಾದವು, ನೋವು ಹೋಗಿಲ್ಲ. ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಹಾಲು ಕರೆಯುವುದು ಈಗ ಯಜಮಾನರ ಪಾಲಿಗೆ ಬಂದಿದೆ. ನಮ್ಮೂರಿನ ಡಾಕ್ಟರು ಒಂದು ಇಂಜೆಕ್ಷನ್ ಕೊಟ್ಟರು. ಒಂದು ವಾರ ಏನೂ ಇರಲಿಲ್ಲ, ಆಮೇಲೆ ಯಥಾಪ್ರಕಾರ. ರಕ್ತ ಪರೀಕ್ಷೆಯಲ್ಲಿ ಆರ್‌ಎ ಫ್ಯಾಕ್ಟರ್ ನೆಗೆಟಿವ್. ಆದರೂ ರುಮಟಾಲಜಿಸ್ಟ್ ಹತ್ತಿರ ಹೋಗಿ ಅಂತ ಚೀಟಿ ಬರೆದುಕೊಟ್ಟಿದ್ದಾರೆ. ನೆಗೆಟಿವ್ ಅಂದಮೇಲೆ ಯಾಕೆ ಹೋಗಬೇಕು? ಯಜಮಾನರು ಮೂಳೆ ಡಾಕ್ಟರೇ ಸಾಕು ಅನ್ನುತ್ತಾರೆ. ಪಕ್ಕದ ಮನೆಯವರು, ಅಲ್ಲಿ ಹೋದರೆ ಕ್ಯಾನ್ಸರ್ ಮಾತ್ರೆ ಕೊಡುತ್ತಾರೆ ಅಂತ ಹೆದರಿಸಿದ್ದಾರೆ. ಅತ್ತೆಗೆ ಇದು ಹಂದಿಗೋಡು ಕಾಯಿಲೆ ಇರಬಹುದಾ ಅಂತ ಭಯ. ಬದನೆ, ಆಲೂಗಡ್ಡೆ, ಹುಳಿ ಎಲ್ಲ ಬಿಟ್ಟಿದ್ದೇನೆ. ಅಲ್ಲಿ ಏನು ಮಾಡುತ್ತಾರೆ? ಗಂಟಿಗೆ ಸೂಜಿ ಚುಚ್ಚುತ್ತಾರಾ? ಏನೇನು ತಗೊಂಡು ಹೋಗಬೇಕು?
- ಹೆಸರು ಬೇಡ, ಸಾಗರ ತಾಲೂಕು

ಉತ್ತರ: ಮೊದಲು ನಿಮ್ಮೂರಿನ ಡಾಕ್ಟರಿಗೆ ನನ್ನದೊಂದು ನಮಸ್ಕಾರ ತಿಳಿಸಿ. ರಿಪೋರ್ಟು ನೆಗೆಟಿವ್ ಬಂದರೂ ಚೀಟಿ ಬರೆದರಲ್ಲ, ಅವರು ಕಾಗದ ನೋಡದೆ ಕೈ ನೋಡಿದ್ದಾರೆ. ಹೋಗಿ ಬನ್ನಿ. ಮುಂದಿನ ಕೊಯ್ಲಿನ ತನಕ ಮುಂದೂಡಬೇಡಿ.

ಪತ್ರ ಓದಿ ಕಾಯಿಲೆಗೆ ಹೆಸರಿಡುವ ಕೆಲಸ ನಾನು ಮಾಡುವುದಿಲ್ಲ. ಆದರೆ ನೀವು ಬರೆದ ಒಂದು ಸಾಲು ನನಗೆ ಆ ಪರೀಕ್ಷೆಗಿಂತ ಜಾಸ್ತಿ ಹೇಳಿತು. ‘ಬೆಳಗ್ಗೆ ಎದ್ದರೆ ಮುಷ್ಟಿ ಕಟ್ಟಲು ಆಗುವುದಿಲ್ಲ.’ ಮೂಳೆ ಸವೆತದ ನೋವಿನಲ್ಲೂ ಬೆಳಗ್ಗೆ ಬಿಗಿತ ಇರುತ್ತದೆ. ಅದು ಹತ್ತು ಹದಿನೈದು ನಿಮಿಷ, ಹೆಚ್ಚೆಂದರೆ ಅರ್ಧ ಗಂಟೆ. ಒಲೆ ಹಚ್ಚಿ ಕಾಫಿ ಕಾಸುವಷ್ಟರಲ್ಲಿ ಕೈ ಸಡಿಲವಾಗುತ್ತದೆ. ಕೀಲಿನೊಳಗೆ ಉರಿಯೂತ ಇದ್ದರೆ ಬಿಗಿತ ಗಂಟೆಗಟ್ಟಲೆ ಇರುತ್ತದೆ, ಕೆಲಸ ಮಾಡುತ್ತಾ ಮಾಡುತ್ತಾ ಕಡಿಮೆಯಾಗುತ್ತದೆ, ಸುಮ್ನೆ ಕೂತರೆ ಮತ್ತೆ ಹಿಡಿಯುತ್ತದೆ. ನಿಮ್ಮದು ಎಷ್ಟು ಹೊತ್ತು ಇರುತ್ತದೆ ಅಂತ ಬರೆದಿಲ್ಲ. ಈ ವಾರ ಗಮನಿಸಿ. ಎದ್ದಾಗ ಎಷ್ಟು ಗಂಟೆ, ಬಟ್ಟೆ ಹಿಂಡುವಷ್ಟು ಕೈ ಬಂದಾಗ ಎಷ್ಟು ಗಂಟೆ, ಇಷ್ಟನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಆ ಕ್ಯಾಲೆಂಡರಿನ ಹಾಳೆಯನ್ನೇ ಹರಿದು ತಂದರೂ ಡಾಕ್ಟರು ಖುಷಿಪಡುತ್ತಾರೆ.

ಇನ್ನು ಆ ನೆಗೆಟಿವ್ ವಿಷಯ. ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಆರ್‌ಎ ಫ್ಯಾಕ್ಟರ್ ನೆಗೆಟಿವ್ ಇರುತ್ತದೆ. ಏನೂ ಕಾಯಿಲೆ ಇಲ್ಲದ ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಪಾಸಿಟಿವ್ ಬರುತ್ತದೆ. ಹಾಗಾಗಿ ಆಂಟಿ ಸಿಸಿಪಿ ಅನ್ನುವ ಇನ್ನೊಂದು ಪರೀಕ್ಷೆ ಬರೆಯಬಹುದು. ಜೊತೆಗೆ ಮೈಯಲ್ಲಿ ಉರಿಯೂತ ಎಷ್ಟಿದೆ ಅಂತ ತೋರಿಸುವ ಇಎಸ್ಆರ್, ಸಿಆರ್‌ಪಿ, ಆಮೇಲೆ ಲಿವರ್, ಕಿಡ್ನಿ, ಹೆಪಟೈಟಿಸ್ ಬಿ ಮತ್ತು ಸಿ. ಇವಕ್ಕೆ ಸಾಮಾನ್ಯವಾಗಿ ಉಪವಾಸ ಬೇಕಿಲ್ಲ. ಬೆಳಗಿನ ಬಸ್ಸು ಹಿಡಿದು ಖಾಲಿ ಹೊಟ್ಟೆಯಲ್ಲಿ ಬಂದು, ಕ್ಯೂನಲ್ಲಿ ತಲೆ ತಿರುಗಿ ಕೂತವರನ್ನು ಬೇಕಾದಷ್ಟು ನೋಡಿದ್ದೇನೆ. ತಿಂಡಿ ತಿಂದೇ ಹೊರಡಿ. ಇನ್ನೊಂದು, ಗಂಟುನೋವು ಅಂದ ಕೂಡಲೇ ಎಎಸ್ಒ ಅನ್ನುವ ಪರೀಕ್ಷೆ ಮಾಡಿಸುವ ಅಭ್ಯಾಸ ನಮ್ಮ ಕಡೆ ಇದೆ. ಅದು ಗಂಟಲಿನ ಒಂದು ಬ್ಯಾಕ್ಟೀರಿಯಾಕ್ಕೆ ಸಂಬಂಧಪಟ್ಟದ್ದು. ನಿಮ್ಮ ವಯಸ್ಸಿನ, ನಿಮ್ಮಂಥ ನೋವಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದು ಹೆಚ್ಚು ಬಂದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ನಿಮ್ಮ ಯಜಮಾನರಿಗೆ ಹೇಳಿ: ಮೂಳೆ ಡಾಕ್ಟರು ಶಸ್ತ್ರಚಿಕಿತ್ಸೆಯವರು. ಮುರಿದದ್ದು ಕೂಡಿಸಲು, ಪೂರ್ತಿ ಸವೆದ ಮಂಡಿ ಬದಲಿಸಲು ಅವರೇ ಬೇಕು. ರುಮಟಾಲಜಿಸ್ಟ್ ಅಂದರೆ ಮೆಡಿಸಿನ್ ಓದಿ, ಮೇಲೆ ಕೀಲಿನ ಉರಿಯೂತದ ಕಾಯಿಲೆಗಳನ್ನೇ ಕಲಿತವರು. ರುಮಟಾಯ್ಡ್ ಸಂಧಿವಾತ ಅಂದರೆ ಮೈಯ ರಕ್ಷಣಾ ವ್ಯವಸ್ಥೆ ತನ್ನ ಕೀಲಿನ ಮೇಲೇ ತಿರುಗಿಬೀಳುವ ಕಾಯಿಲೆ. ಕೀಲಿಗೆ ಮಾತ್ರ ಅಲ್ಲ, ಕಣ್ಣು, ಶ್ವಾಸಕೋಶ, ಚರ್ಮಕ್ಕೂ ಬರಬಹುದು. ಇಂಥ ಡಾಕ್ಟರು ಕಡಿಮೆ, ಹೆಚ್ಚಿನವರು ದೊಡ್ಡ ಊರುಗಳಲ್ಲೇ ಇದ್ದಾರೆ. ದಿನಾಂಕ ತಡವಾಗಿ ಸಿಕ್ಕಿದರೆ ಅಲ್ಲಿಯವರೆಗೆ ಒಬ್ಬ ಎಂಡಿ ಫಿಸಿಷಿಯನ್ ಹತ್ತಿರ ತೋರಿಸಿಕೊಳ್ಳಿ.

ಒಳಗೆ ಹೋದಮೇಲೆ ಏನಾಗುತ್ತದೆ ಅಂತ ಕೇಳಿದ್ದೀರಿ. ಜಾಸ್ತಿ ಹೊತ್ತು ಮಾತೇ. ನಿಮಗೆ ಸಂಬಂಧವೇ ಇಲ್ಲ ಅನ್ನಿಸುವ ಪ್ರಶ್ನೆಗಳು ಬರುತ್ತವೆ. ಕಣ್ಣು ಒಣಗುತ್ತದಾ, ಬಾಯಲ್ಲಿ ಹುಣ್ಣಾಗುತ್ತದಾ, ಚಳಿಗೆ ಬೆರಳು ಬಿಳಿಚಿಕೊಳ್ಳುತ್ತದಾ, ಗರ್ಭ ನಿಲ್ಲದೆ ಹೋದದ್ದುಂಟಾ, ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇದೆಯಾ, ನೋವಿಗೆ ಮುಂಚೆ ಜ್ವರ ಬಂದಿತ್ತಾ. ಯಜಮಾನರ ಎದುರು ಹೇಳಲು ಮುಜುಗರ ಅನ್ನಿಸಿದರೆ ಅವರನ್ನು ಹೊರಗೆ ಕೂರಿಸಿ, ಡಾಕ್ಟರು ಏನೂ ಅಂದುಕೊಳ್ಳುವುದಿಲ್ಲ. ಜ್ವರದ ಪ್ರಶ್ನೆ ಮುಖ್ಯ. 2006ರಲ್ಲಿ ಕರ್ನಾಟಕದ ಉದ್ದಗಲಕ್ಕೂ ಚಿಕುನ್‌ಗುನ್ಯ ಬಂದಾಗ, ಜ್ವರ ವಾರದಲ್ಲಿ ಇಳಿದರೂ ಕೈಕಾಲು ನೋವು ತಿಂಗಳುಗಟ್ಟಲೆ ಉಳಿದದ್ದು ನಿಮಗೂ ನೆನಪಿರಬಹುದು. ಅದು ಇದೇ ಥರ ಕಾಣುತ್ತದೆ.

ಆಮೇಲೆ ಕೈ. ಒಂದೊಂದೇ ಗಂಟನ್ನು ಎರಡು ಬೆರಳಿನಲ್ಲಿ ಹಿಡಿದು, ತಮ್ಮ ಉಗುರಿನ ತುದಿ ಬೆಳ್ಳಗಾಗುವಷ್ಟು ಮಾತ್ರ ಒತ್ತಿ ನೋಡುತ್ತಾರೆ. ಭುಜ, ಮೊಣಕೈ, ಮಣಿಕಟ್ಟು, ಬೆರಳಿನ ಬುಡದ ಮತ್ತು ನಡುವಿನ ಗಂಟುಗಳು, ಮಂಡಿ, ಎಲ್ಲ ಸೇರಿ 28 ಕೀಲು ಎಣಿಸುತ್ತಾರೆ. ಎಷ್ಟು ನೋಯುತ್ತವೆ, ಎಷ್ಟು ಊದಿವೆ ಅಂತ ಬೇರೆ ಬೇರೆ ಲೆಕ್ಕ. ಸವೆತದಿಂದ ಬೆಳೆದ ಗಂಟಾದರೆ ಗಟ್ಟಿ, ಒತ್ತಿದರೆ ಎಲುಬೇ ಸಿಗುತ್ತದೆ. ಉರಿಯೂತದ ಊತ ಹಣ್ಣಾದ ದ್ರಾಕ್ಷಿ ಒತ್ತಿದ ಹಾಗೆ ಮೆತ್ತಗೆ ಅದುಮಿಕೊಳ್ಳುತ್ತದೆ. ಉಗುರಿನ ತುದಿಗೆ ಹತ್ತಿರದ ಗಂಟು ನೋಯುತ್ತಿದೆಯೋ, ಬೆರಳಿನ ಬುಡದ ಗಂಟೋ ಅನ್ನುವುದರ ಮೇಲೆ ಅರ್ಧ ತೀರ್ಮಾನ ನಿಂತಿರುತ್ತದೆ. ರುಮಟಾಯ್ಡ್ ಸಾಮಾನ್ಯವಾಗಿ ತುದಿಯ ಗಂಟಿಗೆ ಕೈ ಹಾಕುವುದಿಲ್ಲ. ಉಗುರಿಗೆ ಬಣ್ಣ ಹಚ್ಚಿದ್ದರೆ ತೆಗೆದು ಹೋಗಿ. ಸೋರಿಯಾಸಿಸ್ ಇದ್ದರೆ ಉಗುರಿನಲ್ಲಿ ಸಣ್ಣ ಸಣ್ಣ ಗುಳಿ ಇರುತ್ತವೆ, ಅದನ್ನು ನೋಡಬೇಕಾಗುತ್ತದೆ. ಬಳೆ ತೆಗೆಯಲು ಹೇಳುತ್ತಾರೆ ಅಂತ ಅನೇಕರು ಬೇಜಾರು ಮಾಡಿಕೊಳ್ಳುತ್ತಾರೆ. ತೆಗೆಯಬೇಕಿಲ್ಲ, ಮೊಣಕೈ ಕಡೆಗೆ ಸರಿಸಿದರೆ ಸಾಕು. ಅದೂ ಸರಿಯದಿದ್ದರೆ ಮಣಿಕಟ್ಟು ಎಷ್ಟು ಊದಿದೆ ಅಂತ ಅಲ್ಲೇ ಗೊತ್ತಾಯಿತು!

ಸೂಜಿ ಎಲ್ಲರಿಗೂ ಇಲ್ಲ. ಒಂದೇ ಮಂಡಿ ನೀರು ತುಂಬಿ ಊದಿದ್ದರೆ, ಸೋಂಕಿನ ಅನುಮಾನ ಇದ್ದರೆ ನೀರು ತೆಗೆದು ನೋಡುತ್ತಾರೆ. ಬೆರಳಿನ ನೋವಿಗೆ ಮೊದಲ ದಿನ ಅದರ ಅಗತ್ಯ ಬೀಳುವುದು ಅಪರೂಪ. ಎಕ್ಸ್‌ರೇ ತೆಗೆಸಬಹುದು. ಶುರುವಿನಲ್ಲಿ ಅದು ನಾರ್ಮಲ್ ಇರುವುದೇ ಹೆಚ್ಚು, ಇರಲಿ ಅಂತಲೇ ನಮ್ಮ ಆಸೆ.

ತಗೊಂಡು ಹೋಗಬೇಕಾದ್ದು: ಹಳೆಯ ರಿಪೋರ್ಟು, ಚೀಟಿ, ಮಾತ್ರೆಯ ಖಾಲಿ ಶೀಟುಗಳು. ನಾಟಿ ಔಷಧಿ, ಚೂರ್ಣ, ಲೇಹ್ಯ ಏನು ತಗೊಂಡಿದ್ದರೂ ಹೇಳಿ. ಹೆಸರಿಲ್ಲದ ಪುಡಿ ಪೊಟ್ಟಣವಾದರೆ ಪೊಟ್ಟಣವನ್ನೇ ತನ್ನಿ, ಕೆಲವದರಲ್ಲಿ ಸ್ಟಿರಾಯ್ಡ್ ಬೆರೆಸಿರುತ್ತಾರೆ. ಕೈ ಚೆನ್ನಾಗಿ ಊದಿದ ಬೆಳಗ್ಗೆ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಡಾಕ್ಟರ ಎದುರು ಕೂರುವ ಹೊತ್ತಿಗೆ ಮಧ್ಯಾಹ್ನವಾಗಿ ಊತ ಇಳಿದಿರುತ್ತದೆ, ಅಲ್ವಾ? ತಡೆದುಕೊಳ್ಳುವಂತಿದ್ದರೆ ಆ ಬೆಳಗ್ಗೆ ನೋವಿನ ಮಾತ್ರೆ ಬೇಡ, ಇದ್ದದ್ದು ಇದ್ದ ಹಾಗೆ ಕಾಣಲಿ. ಆದರೆ ದಿನಾ ಸ್ಟಿರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನು ನೀವಾಗಿ ನಿಲ್ಲಿಸಬೇಡಿ. ಬಿಪಿ, ಶುಗರ್ ಮಾತ್ರೆಯೂ ಬಿಡಬೇಡಿ.

ನಿಮಗೆ ಕೊಟ್ಟ ಆ ಇಂಜೆಕ್ಷನ್ ಸ್ಟಿರಾಯ್ಡ್ ಇದ್ದಿರಬಹುದು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಮೊದಲ ಸಲ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಅನ್ನುವ ಸ್ಟಿರಾಯ್ಡ್ ಕೊಟ್ಟರು. ಹಾಸಿಗೆ ಹಿಡಿದಿದ್ದ ಹೆಂಗಸು ದಿನಗಳಲ್ಲೇ ಎದ್ದು ಓಡಾಡಿದರು. 1950ಕ್ಕೆ ನೊಬೆಲ್ ಕೂಡ ಬಂತು. ಆಮೇಲೆ ಒಂದೊಂದೇ ತೊಂದರೆ ಕಂಡಿತು: ಮುಖ ಊದುವುದು, ಸಕ್ಕರೆ ಏರುವುದು, ಎಲುಬು ಟೊಳ್ಳಾಗುವುದು. ಸ್ಟಿರಾಯ್ಡ್ ಕೆಟ್ಟ ಔಷಧಿ ಅಲ್ಲ, ನಾವೂ ಶುರುವಿನಲ್ಲಿ ಸ್ವಲ್ಪ ದಿನ ಕೊಡುತ್ತೇವೆ. ಆದರೆ ಅದೊಂದನ್ನೇ ನಂಬಿ ತಿಂಗಳಿಗೊಂದು ಸೂಜಿ ಅಂತ ವರ್ಷ ಕಳೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನೋವು ಸುಮ್ಮನಿರುತ್ತದೆ, ಕೀಲು ಒಳಗೆ ಸವೆಯುತ್ತಿರುತ್ತದೆ. ಮೊದಲ ಒಂದೆರಡು ವರ್ಷದಲ್ಲೇ ಹಾಳಾಗುವುದು ಜಾಸ್ತಿ, ಒಮ್ಮೆ ವಕ್ರವಾದ ಬೆರಳನ್ನು ಮಾತ್ರೆಯಿಂದ ನೆಟ್ಟಗೆ ಮಾಡಲು ಬರುವುದಿಲ್ಲ. ಬೇಗ ಹೋಗಿ ಅನ್ನುವುದು ಅದಕ್ಕೇ.

ಪಕ್ಕದ ಮನೆಯವರು ಹೇಳಿದ್ದು ಮೆಥೋಟ್ರೆಕ್ಸೇಟ್ ಅನ್ನುವ ಮಾತ್ರೆಯ ವಿಷಯ. ಅವರದು ಸುಳ್ಳಲ್ಲ, ಅದನ್ನು ಕ್ಯಾನ್ಸರ್‌ಗೂ ಕೊಡುತ್ತಾರೆ. ಆದರೆ ಅಲ್ಲಿನ ಪ್ರಮಾಣದ ಮುಂದೆ ಸಂಧಿವಾತಕ್ಕೆ ಕೊಡುವುದು ತೀರಾ ಕಡಿಮೆ. 1940ರ ದಶಕದಲ್ಲಿ ಇದನ್ನು ರೂಪಿಸಿದ್ದು ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ, ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. ಮೆಥೋಟ್ರೆಕ್ಸೇಟ್ ಜೊತೆ ಬಾಯಿಹುಣ್ಣು, ವಾಕರಿಕೆ ಬರದಿರಲಿ ಅಂತ ಕೊಡುವ ಫೋಲಿಕ್ ಆಮ್ಲವನ್ನು ತಯಾರಿಸಿದ್ದೂ ಅದೇ ತಂಡ. ಸಂಧಿವಾತಕ್ಕೆ ಬಳಸಲು ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ಕಿತು. ಇವತ್ತಿಗೂ ಎಲ್ಲ ಕಡೆ ಮೊದಲು ಬರೆಯುವುದು ಇದನ್ನೇ.

ಒಂದು ವಿಷಯಕ್ಕೆ ಮಾತ್ರ ಹೆದರಿ. ಇದು ವಾರಕ್ಕೆ ಒಂದು ದಿನದ ಮಾತ್ರೆ. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಡಾಕ್ಟರು ಹೇಳಿದ ದಿನವನ್ನು, ಭಾನುವಾರ ಅನ್ನಿ, ಪೊಟ್ಟಣದ ಮೇಲೆ ಕನ್ನಡದಲ್ಲಿ ದೊಡ್ಡದಾಗಿ ಬರೆಸಿಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೆ ‘ಏನೂ ಆಗಲಿಲ್ಲ’ ಅಂತ ಬಿಡಬೇಡಿ. ಆಗಾಗ ರಕ್ತ ಪರೀಕ್ಷೆ ತಪ್ಪಿಸಬಾರದು. ಗರ್ಭಿಣಿಯರು ತಗೊಳ್ಳುವಂತಿಲ್ಲ. ಮುಟ್ಟು ಇನ್ನೂ ನಿಂತಿಲ್ಲದಿದ್ದರೆ ಆ ಮಾತು ಅಲ್ಲೇ ಬಿಚ್ಚಿ ಹೇಳಿ.

ಅತ್ತೆಯವರಿಗೆ ಧೈರ್ಯ ಹೇಳಿ. ಹಂದಿಗೋಡು ಕಾಯಿಲೆ ನಿಮ್ಮ ತಾಲೂಕಿನಲ್ಲೇ 1970ರ ದಶಕದಲ್ಲಿ ಗಮನಕ್ಕೆ ಬಂದದ್ದು, ಅವರ ಭಯ ಸಹಜ. ಆದರೆ ಅದು ಕೆಲವು ಮನೆತನಗಳಲ್ಲಿ ವಂಶದಿಂದ ಬರುವಂಥದ್ದು, ಮುಖ್ಯವಾಗಿ ಸೊಂಟ, ಮಂಡಿಯನ್ನು ಹಿಡಿಯುವಂಥದ್ದು. 43ರಲ್ಲಿ ಹೊಸದಾಗಿ ಬೆರಳು ಊದುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಬದನೆಕಾಯಿ ತಿನ್ನಿ. ಆಲೂಗಡ್ಡೆಯೂ ತಿನ್ನಿ. ಯಾವುದಾದರೂ ಒಂದು ತಿಂದ ಮರುದಿನ ನೋವು ಹೆಚ್ಚುತ್ತದೆ ಅಂತ ಪ್ರತಿ ಸಲ ಅನ್ನಿಸಿದರೆ ಅದೊಂದನ್ನು ಬಿಡಿ. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರು ಇದ್ದರೆ ಅದನ್ನು ಬಿಡಿಸಿ, ಅದಕ್ಕೂ ಈ ಕಾಯಿಲೆಗೂ ನಿಜವಾದ ನಂಟಿದೆ.

ಪ್ರಶ್ನೆ: ವಯಸ್ಸು 26, ಕಂಪ್ಯೂಟರ್ ಕೆಲಸ. ಒಂದು ವರ್ಷದಿಂದ ಸೊಂಟ ನೋವು. ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ, ಎದ್ದು ಓಡಾಡಿದರೆ ಕಡಿಮೆ. ಕುರ್ಚಿ ಬದಲಿಸಿದೆ, ಹಾಸಿಗೆ ಬದಲಿಸಿದೆ. ಇನ್ನೇನು ಬದಲಿಸಲಿ?
- ಓದುಗ, ಹುಬ್ಬಳ್ಳಿ

ಉತ್ತರ: ಡಾಕ್ಟರನ್ನು ಬದಲಿಸಿ! ಕೂತು ಮಾಡುವ ಕೆಲಸದ ನೋವು ಮಲಗಿದರೆ ಇಳಿಯಬೇಕು. ನಿಮ್ಮದು ಮಲಗಿದರೆ ಏರುತ್ತಿದೆ, ನಡೆದರೆ ಇಳಿಯುತ್ತಿದೆ. ಚಿಕ್ಕ ವಯಸ್ಸು, ಮೂರು ತಿಂಗಳು ಮೀರಿದ ನೋವು. ಬೆನ್ನೆಲುಬಿನ ಉರಿಯೂತ ಅಂದರೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಇದೆಯಾ ಅಂತ ರುಮಟಾಲಜಿಸ್ಟ್ ನೋಡಲೇಬೇಕು. ಎಚ್‌ಎಲ್‌ಎ ಬಿ27 ಅನ್ನುವ ರಕ್ತ ಪರೀಕ್ಷೆ, ಸೊಂಟದ ಕೆಳಗಿನ ಕೀಲಿನ ಎಂಆರ್‌ಐ ಬರೆಯಬಹುದು. ಹಿಂದೆ ಯಾವಾಗಾದರೂ ಒಂದು ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡಲು ಆಗದ ಹಾಗಾಗಿತ್ತಾ? ಕೇಳದಿದ್ದರೂ ನೀವೇ ಹೇಳಿ. ಈಗ ಹಾಗಾದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಓಡಿ.

ಪ್ರಶ್ನೆ: ನನಗೆ 64. ಮೆಟ್ಟಿಲು ಇಳಿಯುವಾಗ ಮಂಡಿ ಕಟಕಟ ಅನ್ನುತ್ತದೆ, ನೋವೂ ಇದೆ. ಬೆಳಗ್ಗೆ ಐದು ನಿಮಿಷ ಬಿಗಿ, ಆಮೇಲೆ ಸರಿ. ನಾನೂ ಈ ದೊಡ್ಡ ಡಾಕ್ಟರನ್ನು ನೋಡಬೇಕಾ?
- ಓದುಗರು, ಮಂಡ್ಯ

ಉತ್ತರ: ಸದ್ಯಕ್ಕೆ ಬೇಡ ಅನ್ನಿಸುತ್ತದೆ, ಅಮ್ಮಾ. ಇದು ಮಂಡಿ ಸವೆತದ ಲಕ್ಷಣ. ಹತ್ತಿರದ ಡಾಕ್ಟರೂ ಫಿಸಿಯೋಥೆರಪಿಸ್ಟೂ ಸಾಕು. ಮಂಡಿ ಬಿಸಿಯಾಗಿ ಊದಿದರೆ, ಜ್ವರ ಬಂದರೆ ಮಾತ್ರ ತಡ ಮಾಡದೆ ತೋರಿಸಿ. ತೊಡೆಯ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಭಾರ ಕಡಿಮೆ. ಕುರ್ಚಿಯಲ್ಲಿ ಕೂತು ಒಂದು ಕಾಲು ನೆಟ್ಟಗೆ ಚಾಚಿ, ಐದು ಎಣಿಸಿ, ನಿಧಾನ ಇಳಿಸಿ. ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು. ಟಿವಿ ನೋಡುತ್ತಲೇ ಮಾಡಬಹುದು.